ಒಂಬತ್ತು ಸೊನ್ನೆ

ಮಗಳು ಹುಟ್ಟಿದ ಎರಡನೆಯ ದಿನದಿಂದ ನಾನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡಲು ಶುರು ಮಾಡಿದೆ. ಎಡಪುಟದಲ್ಲಿ ಹಾಲು ಕುಡಿಸಿದ ಹೊತ್ತು, ಯಾವ ಬದಿ, ಎಷ್ಟು ನಿಮಿಷ. ಬಲಪುಟ ಮೊದಮೊದಲು ಖಾಲಿ ಇರುತ್ತಿತ್ತು. ಹನ್ನೊಂದನೆಯ ದಿನ ಠಾಣೆಯ ಮಾಜಿವಾಡಾದಿಂದ ಮಗು ನೋಡಲು ಬಂದ ಅತ್ತಿಗೆ, ಅಂದರೆ ಗಂಡನ ಅಕ್ಕ, ನನ್ನ ಮಡಿಲ ಮೇಲೆ ಬಾಗಿ ನೋಡಿ, "ಬರೀ ನೀರು ಬರ್ತಿದೆ ಅನ್ಸತ್ತೆ ಕಣೆ. ಇದು ಗುಂಡುಗುಂಡಾಗೋದು ಯಾವಾಗ?" ಅಂದರು. ಅವರು ಹೋದ ಮೇಲೆ ಆ ಮಾತನ್ನು ಬಲಪುಟದಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ. ದಿನ 11, ಸಂಜೆ ಐದೂಮುಕ್ಕಾಲು, ಹೇಳಿದವರು ಯಾರು, ಕೇಳಿ ನಕ್ಕವರು ಯಾರು. ಅಂದಿನಿಂದ ಬಲಪುಟ ಖಾಲಿ ಉಳಿಯಲಿಲ್ಲ.

ಅದು 2011ರ ಜೂನ್. ನನಗೆ ಇಪ್ಪತ್ತನಾಲ್ಕು. ನಾನು ಹುಟ್ಟಿ ಬೆಳೆದದ್ದು ಮುಂಬೈ ಹತ್ತಿರದ ಕಲ್ಯಾಣದಲ್ಲಿ. ಅಪ್ಪ ವಿಜಯಪುರದ ಕಡೆಯಿಂದ ಬಂದು ಗೋಡೌನಿನಲ್ಲಿ ಲೋಡಿಂಗ್ ಮಾಡಿಸುವ ಮುಕಾದಮ ಆದವನು. ಗಂಡನ ಮನೆಯವರು ಕುಂದಾಪುರದ ಕಡೆಯವರು. ಗಂಡ ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ನಮ್ಮ ಎರಡು ಕೋಣೆ. ನಮ್ಮದು ನಾವೇ ಮೆಚ್ಚಿ ಮಾಡಿಕೊಂಡ ಮದುವೆ. ಆದ್ದರಿಂದ ನಾನು ಏನು ಮಾಡಿದರೂ ಅತ್ತೆಯ ಲೆಕ್ಕದಲ್ಲಿ ಅದು ಘಟ್ಟದ ಮೇಲಿನವರ ಹುಚ್ಚು. ಅತ್ತೆ ಮಗನ ಮನೆಗೆಂದು ಊರು ಬಿಟ್ಟು ಬಂದು ಆಗ ಮೂರೇ ವರ್ಷವಾಗಿತ್ತು. ಅವರ ಮರಾಠಿ ತರಕಾರಿ ಮಾರುಕಟ್ಟೆಯದು: ಕಿತೀ, ಕಮೀ ಕರಾ, ನಕೋ; ಎಷ್ಟು, ಕಡಿಮೆ ಮಾಡಿ, ಬೇಡ. ಅಷ್ಟರಿಂದಲೇ ಅವರು ಡೊಂಬಿವಲಿಯನ್ನೆಲ್ಲ ಸಂಭಾಳಿಸುತ್ತಿದ್ದರು.

ಮಗಳಿಗೆ ಆರು ತಿಂಗಳು ನನ್ನ ಹಾಲು ಬಿಟ್ಟು ಬೇರೇನೂ ಕೊಡುವುದಿಲ್ಲ, ಆಮೇಲೂ ಅವಳು ಸಾಕು ಅನ್ನುವವರೆಗೆ ಕುಡಿಸುತ್ತೇನೆ ಎಂದು ನಾನು ಮೊದಲ ವಾರವೇ ಹೇಳಿದ್ದೆ. ಯಾರೂ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಸುಲಭವಿತ್ತು. ಅವರು ನಗುತ್ತಿದ್ದರು.

ಬಲಪುಟದಿಂದ ಕೆಲವನ್ನು ಇಲ್ಲಿ ಇಳಿಸುತ್ತೇನೆ. ದಿನ 19, ಮಗು ಅತ್ತಾಗ, ಅತ್ತೆ: "ಶಿಶು ಮರ್ಕತ್ತ್. ಹಸಿವಿ ಅದ್ಕೆ. ನಿನ್ ಹಾಲ್ ಸಾಕಾತಿಲ್ಲೆ ಮಾರಾಯ್ತಿ." ದಿನ 33, ಅದೇ ಮಾತು, ಎರಡು ಸಲ. ದಿನ 52, ಖಾರಘರದಲ್ಲಿರುವ ಗೆಳತಿ, ನನ್ನ ಆಫೀಸಿನವಳೇ, ಬೆಂಗಳೂರಿನ ಹುಡುಗಿ, ಫೋನಿನಲ್ಲಿ: "ಯಾರ್, ನೀನು ಫುಲ್ ಹಸು ಆಗ್ಬಿಟ್ಟಿದೀಯ. ಬಾಟಲ್ ಕೊಟ್ಟು ಆರಾಮಾಗಿರೋದು ಬಿಟ್ಟು." ದಿನ 60, ಕಲ್ಯಾಣದ ನನ್ನ ಹೆತ್ತ ತಾಯಿ: "ಯಾಕವ್ವಾ ಹಟಾ ಮಾಡ್ತಿ? ಅತ್ತಿ ಮನ್ಯಾಗ ಕಿರಿಕಿರಿ ಬ್ಯಾಡ. ಅವರು ಹೆಂಗ ಅಂತಾರ ಹಂಗ ಮಾಡು." ದಿನ 71, ಅತ್ತಿಗೆ: "ನನ್ನ ಮಗ ಡಬ್ಬಿ ಹಾಲಲ್ಲೇ ಬೆಳೆದ. ಅವನಿಗೇನಾಗಿದೆ ಈಗ? ಕ್ಲಾಸಿಗೆ ಫಸ್ಟ್." ದಿನ 78, ಗಂಡ: "ನೋಡು, ಅಮ್ಮ ನಾಲ್ಕು ಮಕ್ಕಳನ್ನ ಸಾಕಿದವರು." ಗಂಡನ ಸಾಲಿನ ಮುಂದೆ ನಾನು ಒಂದು ಕೆಂಪು ಗೆರೆ ಹಾಕಿದ್ದೇನೆ. ಉಳಿದವರ ಮುಂದೆ ಹಾಕಿಲ್ಲ. ಉಳಿದವರಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ.

ಎಂಬತ್ತೈದನೆಯ ದಿನ ರಜೆ ಮುಗಿಯಿತು. ನನ್ನ ಕೆಲಸ ಮಹಾಪೆಯ ಒಂದು ಕಂಪನಿಯಲ್ಲಿ, ಬಿಲ್ಲುಗಳನ್ನು ಕಂಪ್ಯೂಟರಿಗೆ ತುಂಬುವುದು. ಬೆಳಿಗ್ಗೆ ಏಳೂಕಾಲಿಗೆ ಮಗುವಿಗೆ ಕುಡಿಸಿ, ಏಳೂನಲವತ್ತರ ಗಾಡಿ ಹಿಡಿದು ಠಾಣೆಯಲ್ಲಿ ಇಳಿದು, ವಾಶಿ ಗಾಡಿಗೆ ಬದಲಾಯಿಸಿ, ಕೋಪರಖೈರಣೆಯಿಂದ ಶೇರ್ ರಿಕ್ಷಾ. ವಾಪಸು ಬರುವಾಗ ಏಳು ಗಂಟೆ. ಹನ್ನೆರಡು ಗಂಟೆ ನಾನಿಲ್ಲದೆ ಮಗು ಇರಬೇಕು. ಅದಕ್ಕಾಗಿ ಎದೆಹಾಲು ತೆಗೆಯುವ ಕೈಪಂಪು ತಂದೆ. ಆಫೀಸಿನಲ್ಲಿ ಪ್ರಿಂಟರಿನ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟ ಒಂದು ಸ್ಟೋರ್‌ರೂಮು ಇತ್ತು. ಒಳಗಿನಿಂದ ಚಿಲಕ ಬೀಳುತ್ತಿರಲಿಲ್ಲ. ಬಾಗಿಲಿಗೆ ಒಂದು ಪೆಟ್ಟಿಗೆ ಒತ್ತರಿಸಿ, ಅದಕ್ಕೆ ಬೆನ್ನು ಕೊಟ್ಟು ಕೂತು, ದಿನಕ್ಕೆ ಎರಡು ಸಲ ಹಾಲು ತೆಗೆಯುತ್ತಿದ್ದೆ. ಬಾಗಿಲು ತಳ್ಳಿ "ಅಂದರ್ ಕೌನ್ ಹೈ?" ಎಂದವರನ್ನೂ ಎಣಿಸಿದ್ದೇನೆ. ಮೂರು ತಿಂಗಳಲ್ಲಿ ಹದಿನಾಲ್ಕು ಸಲ. ಕ್ಯಾಂಟೀನಿನ ಫ್ರಿಜ್ಜಿನಲ್ಲಿ ಇಟ್ಟ ನನ್ನ ಸ್ಟೀಲ್ ಡಬ್ಬಿಯ ಮೇಲೆ ಯಾರೋ ಒಮ್ಮೆ "ಅಮೂಲ್ಯ" ಎಂದು ಹಾಲಿನಪುಡಿಯ ಹೆಸರಿನ ಚೀಟಿ ಅಂಟಿಸಿ ನಕ್ಕಿದ್ದರು. ಕೈಬರಹ ಯಾರದೆಂದು ನನಗೆ ಗೊತ್ತು. ಅದೂ ಬಲಪುಟದಲ್ಲಿದೆ.

ಡಬ್ಬಿಯನ್ನು ಬರ್ಫದ ಚೀಲದಲ್ಲಿಟ್ಟು ಮನೆಗೆ ತಂದು ಫ್ರಿಜ್ಜಿಗೆ ಹಾಕುತ್ತಿದ್ದೆ. ಮರುದಿನ ಅತ್ತೆ ಅದನ್ನು ಬಿಸಿನೀರಿನಲ್ಲಿಟ್ಟು, ಒಳಲೆಯಲ್ಲಿ ಕುಡಿಸಬೇಕು. ಸಂಜೆ ಬಂದರೆ ಡಬ್ಬಿಗಳು ತೊಳೆದು ಬೋರಲು ಹಾಕಿ ಇರುತ್ತಿದ್ದವು. "ಎಲ್ಲಾ ಕುಡಿತಾ?" ಎಂದರೆ, "ಒಂದ್ ಹನಿ ಬಿಡ್ಲಿಲ್ಲೆ" ಅನ್ನುತ್ತಿದ್ದರು. ಆ ಮಾತು ಕೇಳಿ ನನಗೆ ಟ್ರೇನಿನ ಆಯಾಸವೆಲ್ಲ ಇಳಿದುಹೋಗುತ್ತಿತ್ತು. ಎಡಪುಟದಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಡಬ್ಬಿಯ ಹಾಲನ್ನೂ ಬರೆದುಕೊಳ್ಳುತ್ತಿದ್ದೆ.

ನವೆಂಬರಿನಲ್ಲಿ, ಮಗುವಿಗೆ ನೂರಾ ಐವತ್ತೆಂಟು ದಿನ ತುಂಬಿದಾಗ, ಭೇದಿ ಶುರುವಾಯಿತು. ಎರಡು ದಿನ ನಿಲ್ಲಲಿಲ್ಲ. ಮೂರನೆಯ ದಿನ ನಾನು ಆಫೀಸಿನಲ್ಲಿದ್ದಾಗ ಅತ್ತೆ ಮಾಜಿವಾಡಾಕ್ಕೆ ಫೋನು ಮಾಡಿ ತಮ್ಮ ಮಗಳನ್ನು ಕರೆಸಿಕೊಂಡು, ಇಬ್ಬರೂ ಮಗುವನ್ನು ನಮ್ಮ ಓಣಿಯ ಮಕ್ಕಳ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ವಯಸ್ಸಾದ ಮರಾಠಿ ಹೆಂಗಸು, ಖಡಕ್ ಮಾತು. ನಾನು ಸಂಜೆ ಚಪ್ಪಲಿ ಬಿಡುವ ಮೊದಲೇ ಅತ್ತೆ ಹೇಳಿದರು: "ನಾ ಹೇಳಿದ್ರೆ ಕೇಣ್ತಿಲ್ಲೆ ಅಲ್ದಾ? ಈಗ ಡಾಕ್ಟ್ರೇ ಹೇಳ್ರ್. ಮೈ ಹಾಲ್ ಬಂದ್ ಮಾಡುಕೆ. ಇವತ್ತಿಂದ್ಲೇ."

ನಾನು ಅತ್ತಿಗೆಯ ಮುಖ ನೋಡಿದೆ. ಅವರು ಸೋಫಾದಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಮಾಜಿವಾಡಾದಲ್ಲಿ ಹದಿನೈದು ವರ್ಷ ಸಂಸಾರ ಮಾಡಿದವರು, ಸೊಸೈಟಿ ಮೀಟಿಂಗಿನಲ್ಲಿ ಮರಾಠಿಯಲ್ಲಿ ಜಗಳ ಆಡುವವರು.

"ಹೌದಾ ಅತ್ತಿಗೆ? ಹಾಗೇ ಅಂದ್ರಾ?"

"ಅಮ್ಮ ಹೇಳ್ತಿದ್ದಾರಲ್ಲ" ಅಂದರು.

ಚೀಟಿಯಲ್ಲಿ ಔಷಧದ ಹೆಸರು ಮಾತ್ರ ಇತ್ತು. ಪ್ರತಿಯೊಂದಕ್ಕೂ ಪುರಾವೆ ಕೇಳುವ ನಾನು ಅಂದು ಅದರ ಮೇಲೆ ಕೇಳಲಿಲ್ಲ. ಮಗುವಿನ ಕಣ್ಣು ಒಳಗೆ ಹೋಗಿತ್ತು. ನನ್ನ ಹಾಲೇ ಅದಕ್ಕೆ ಆಗಿಬರುತ್ತಿಲ್ಲ ಎಂದು ಡಾಕ್ಟರು ಹೇಳಿದ್ದರೆ, ನಾನು ಇಷ್ಟು ದಿನ ಎದೆಗೆ ಹಾಕಿಕೊಂಡು ಕುಡಿಸಿದ್ದು ಏನನ್ನು? ಅಡುಗೆಮನೆಯಲ್ಲಿ ಅತ್ತೆ ಆಗಲೇ ಬಾಟಲಿ ಕುದಿಯಲು ಇಟ್ಟಿದ್ದರು. ಅದು ಹೊಸದಲ್ಲ ಎನ್ನುವುದು, ಅದರ ರಬ್ಬರು ಅದಾಗಲೇ ಹಳದಿ ತಿರುಗಿದೆ ಎನ್ನುವುದು ನನ್ನ ಕಣ್ಣಿಗೆ ಬಿದ್ದೂ ತಲೆಗೆ ಹೋಗಲಿಲ್ಲ.

ದಿನ 161ರಿಂದ 169ರವರೆಗೆ ಎಡಪುಟದಲ್ಲಿ ಸೊನ್ನೆ ಇದೆ. ಒಂಬತ್ತು ಸೊನ್ನೆ.

ಎರಡನೆಯ ದಿನ ಎದೆ ಕಲ್ಲಾಗಿ ಜ್ವರ ಬಂತು. ಅತ್ತೆ ಸ್ಟೇಷನ್ನಿನ ಹೊರಗಿನಿಂದ ನಾಲ್ಕು ಮೊಳ ಮಲ್ಲಿಗೆ ತಂದರು. ಹಾಲು ಬತ್ತಲು ಎದೆಗೆ ಮಲ್ಲಿಗೆ ಕಟ್ಟುವುದು ಅವರ ಕಡೆಯ ಪದ್ಧತಿ. ದಂಡೆಯನ್ನು ಸುತ್ತಿಟ್ಟು, ಮೇಲೆ ಹಳೆಯ ಸೀರೆಯ ಪಟ್ಟಿ ಬಿಗಿದರು. ಕೈ ಮೃದುವಾಗಿತ್ತು. "ಎರಡ್ ದಿನ ನೋಯತ್ತ್, ಆಮೇಲ್ ಸಮ ಆತ್ತ್ ಮಗಾ" ಅಂದರು. ಅದುವರೆಗೆ ನನ್ನನ್ನು ಮಗಾ ಎಂದು ಕರೆದವರಲ್ಲ. ಕರೆದದ್ದು ಹಾಲು ಬತ್ತಿಸಲು ಹೂ ಕಟ್ಟಿದ ದಿನ. ಮಗು ಆಚೆ ಕೋಣೆಯಲ್ಲಿ ಅಳುತ್ತಿತ್ತು, ಹೂವಿನ ಅಡಿಯಿಂದ ಹಾಲು ತಾನಾಗಿ ಇಳಿದು ಪಟ್ಟಿ ಒದ್ದೆಯಾಗುತ್ತಿತ್ತು. ನಾನು ಈಗಲೂ ಮಲ್ಲಿಗೆ ಮುಡಿಯುವುದಿಲ್ಲ. ಮದುವೆಮನೆಗಳಲ್ಲಿ ಯಾರಾದರೂ ತಟ್ಟೆ ಹಿಡಿದರೆ ಅಲರ್ಜಿ ಎನ್ನುತ್ತೇನೆ.

ಏಳನೆಯ ಸೊನ್ನೆಯ ಹೊತ್ತಿಗೆ ಎದೆ ಹಗುರಾಯಿತು. ಮಗುವಿನ ಭೇದಿ ಮಾತ್ರ ಔಷಧಕ್ಕೆ ಎರಡು ದಿನ ತಗ್ಗಿ ಮತ್ತೆ ಬಂತು. ಹತ್ತನೆಯ ದಿನ ಅರ್ಧ ರಜೆ ಹಾಕಿ ನಾನೇ ಡಾಕ್ಟರರ ಹತ್ತಿರ ಒಯ್ದೆ. ಅತ್ತೆಯೂ ಬಂದರು, ಅವರ ತೊಡೆಯ ಮೇಲೇ ಮಗು. ಡಾಕ್ಟರು ತೂಕದ ತಟ್ಟೆಯಲ್ಲಿ ಮಲಗಿಸಿ ಮುಳ್ಳು ನೋಡಿದರು. ಮುನ್ನೂರೈವತ್ತು ಗ್ರಾಂ ಕಡಿಮೆ. ಕನ್ನಡಕ ತೆಗೆದು ಅತ್ತೆಯ ಕಡೆಗೇ ನೋಡಿ ಕೇಳಿದರು:

"ವರಚಂ ದೂಧ್ ಅಜೂನ್ ಚಾಲೂ ಆಹೆ ಕಾ? ಮೀ ಬಂದ್ ಕರಾಯ್ಲಾ ಸಾಂಗಿತಲಂ ಹೋತಂ ನಾ? ಫಕ್ತ ಅಂಗಾವರಚಂ ದ್ಯಾ ಮ್ಹಣೂನ್?"

ಮರಾಠಿಯಲ್ಲಿ ವರಚಂ ದೂಧ್ ಎಂದರೆ ಮೇಲುಹಾಲು, ಹೊರಗಿನ ಹಾಲು: ಡಬ್ಬಿಯದು, ಎಮ್ಮೆಯದು, ಬಾಟಲಿಯದು. ಅಂಗಾವರಚಂ ದೂಧ್ ಎಂದರೆ ಮೈಮೇಲಿನದು, ತಾಯಿಯ ಎದೆಯದು. ಹೊರಗಿನ ಹಾಲು ಇನ್ನೂ ಕೊಡುತ್ತಿದ್ದೀರಾ, ನಿಲ್ಲಿಸಿ ಎಂದಿದ್ದೆನಲ್ಲ, ಎದೆಹಾಲು ಮಾತ್ರ ಕೊಡಿ ಎಂದಿದ್ದೆನಲ್ಲ, ಎಂದು ಡಾಕ್ಟರು ಕೇಳುತ್ತಿದ್ದರು. ನಡುವಿನ ವ್ಯತ್ಯಾಸ ಎರಡೇ ಅಕ್ಷರ. ಅಂಗಾ.

ನನಗೆ ಕೂತಲ್ಲೇ ಎಲ್ಲವೂ ಒಂದರ ಹಿಂದೆ ಒಂದು ತಿಳಿಯುತ್ತ ಹೋಯಿತು. ಡಾಕ್ಟರಿಗೆ ಬಾಟಲಿಯ ವಿಷಯ ಗೊತ್ತು. ಹಾಗಾದರೆ ಅವರಿಗೆ ಯಾರೋ ಹೇಳಿದ್ದಾರೆ. ಹಾಗಾದರೆ ಬಾಟಲಿ ಮೊದಲಿನಿಂದಲೂ ಇದೆ. ಹಾಗಾದರೆ ನನ್ನ ಸ್ಟೀಲ್ ಡಬ್ಬಿಗಳ ಹಾಲು?

"ಅತ್ತೆ, ನನ್ನ ಡಬ್ಬಿ ಹಾಲು ಏನ್ ಮಾಡ್ತಿದ್ರಿ?"

ಅವರು ಮಗುವಿನ ಟೋಪಿ ಸರಿಮಾಡಿದರು. "ಆಫೀಸಿಂದ ಟ್ರೇನಾಗೆ ತಂದ್ ಹಾಲ್. ತಣ್ಣಗ್ ಕೊರಿತಿತ್ತ್. ಅದನ್ನ್ ಶಿಶಿಗೆ ಕೊಡುದಾ? ತುಳಸಿ ಬುಡಕ್ಕೆ ಹಾಕ್ತಿದ್ದೆ. ಮೋರಿಗೆ ಹಾಕ್ಲಿಲ್ಲೆ."

ಮೋರಿಗೆ ಹಾಕಲಿಲ್ಲ ಎನ್ನುವುದನ್ನು ಅವರು ಉಪಕಾರದ ಹಾಗೆ ಹೇಳಿದರು. ಎಪ್ಪತ್ತೈದು ದಿನದ ಹಾಲು. ಭಾನುವಾರಗಳನ್ನು ಕಳೆದರೆ ಅರವತ್ತನಾಲ್ಕು. ದಿನಕ್ಕೆ ಎರಡು ಡಬ್ಬಿ.

"ಮತ್ತೆ ಡಾಕ್ಟ್ರು ಹೇಳಿದ್ದು?"

"ಬಂದ್ ಕರಾ ಅಂದ್ರ್. ಅಂಗಾ ಅಂದ್ರ್. ಅಂಗ ಅಂದ್ರೆ ಮೈ ಅಲ್ದಾ? ನಾ ಕೇಂಡದ್ದ್ ಅದೇ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರು ಕೇಳಬೇಕೆಂದಿದ್ದುದನ್ನೇ ಕೇಳಿದ್ದರು. ಬಂದ್ ಎನ್ನುವುದೊಂದು, ಅಂಗ ಎನ್ನುವುದೊಂದು, ಎರಡನ್ನು ಕೂಡಿಸಿಕೊಂಡಿದ್ದರು. ಆದರೆ ಆ ದಿನ ಅವರ ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರು. ಮನೆಗೆ ಬಂದವಳೇ ಅತ್ತಿಗೆಗೆ ಫೋನು ಮಾಡಿದೆ. ಅವರು, "ನಾನು ಒಳಗಿರ್ಲಿಲ್ಲ ಕಣೆ. ಕೆಳಗೆ ಮೆಡಿಕಲ್‌ಗೆ ಹೋಗಿದ್ದೆ, ಓಆರೆಸ್ ತರೋಕೆ" ಅಂದರು. ದಿನ 170, ಮಧ್ಯಾಹ್ನ ಎರಡೂ ಹತ್ತು. ಬರೆದಿಟ್ಟೆ.

ಆಮೇಲಿನ ಹದಿನಾಲ್ಕು ದಿನಗಳ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಎದೆ ಬತ್ತಿತ್ತು. ಎರಡೆರಡು ಗಂಟೆಗೆ ಹಚ್ಚಿ, ಹಾಲು ಬರಲಿ ಬಿಡಲಿ ಹಚ್ಚಿ, ಮಗು ಎಳೆದಷ್ಟೂ ಮರಳಿ ಬರುತ್ತದೆ ಎಂದಿದ್ದರು ಡಾಕ್ಟರು. ಆಫೀಸಿಗೆ ರಜೆ ಹಾಕಿದೆ. ಬಾಟಲಿಯ ರುಚಿ ಹತ್ತಿದ ಮಗು ನನ್ನನ್ನು ಕಂಡರೆ ಬೆನ್ನು ಬಿಲ್ಲು ಮಾಡಿ ಕಿರುಚುತ್ತಿತ್ತು. ಒಣ ಎದೆಗೆ ಅದರ ಬಾಯಿ ಒತ್ತಿ ಹಿಡಿದು ಕೂತಾಗ, ಆಚೆಯಿಂದ ಗಂಡ, "ಯಾಕೆ ಅದಕ್ಕೆ ಹಿಂಸೆ ಮಾಡ್ತಿ? ಬತ್ತಿ ಹೋಯ್ತಲ್ಲ, ಬಿಡು" ಅಂದ. ದಿನ 172. ಕೆಂಪು ಗೆರೆ, ಎರಡನೆಯದು. ಮೊದಲ ನಾಲ್ಕು ದಿನ ಎಡಪುಟದಲ್ಲಿ "ಇಲ್ಲ" ಎಂದು ಮೂವತ್ತೊಂದು ಸಲ ಬರೆದಿದ್ದೇನೆ. ಐದನೆಯ ದಿನ ಬಲಬದಿಯಲ್ಲಿ ಮೂರು ಹನಿ. ಒಳಲೆಯಲ್ಲಿ ಹಿಡಿದು ಅದರ ತುಟಿಗೆ ಸವರಿದೆ. ಎಂಟನೆಯ ದಿನ ಮಗು ಆರು ನಿಮಿಷ ಎಳೆಯಿತು, ಗುಟುಕಿನ ಸದ್ದು ಎರಡು ಸಲ ಕೇಳಿಸಿತು. ಹದಿನಾಲ್ಕನೆಯ ದಿನ ಬಾಟಲಿಯನ್ನು ಕೆಳಗೆ ಕಚರೆಯ ಡಬ್ಬಕ್ಕೆ ನಾನೇ ಹೋಗಿ ಹಾಕಿ ಬಂದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

ಎಲ್ಲರೂ ಇದು ಮುಗಿಯಿತು ಅಂದುಕೊಂಡರು. ನಾನು ಅಂದುಕೊಳ್ಳಲಿಲ್ಲ. ಒಂದು ಭಾನುವಾರ ಬಲಪುಟಗಳನ್ನೆಲ್ಲ ತಿರುವಿ ಹಾಕಿ ಹೊಸ ಪಟ್ಟಿ ಮಾಡಿದೆ. ಒಟ್ಟು ಹನ್ನೊಂದು ಜನ, ಐವತ್ತಮೂರು ಮಾತು. ಅಷ್ಟೂ ಜನರ ಮನೆಗೆ ಹೋಗಬೇಕು, ಅವರ ಹಾಲ್‌ನಲ್ಲಿ, ಅವರ ಎದುರಿಗೇ ಕೂತು ಮಗಳಿಗೆ ಕುಡಿಸಬೇಕು ಎಂದು ತೀರ್ಮಾನಿಸಿದೆ. ಬೆಡ್‌ರೂಮಿಗೆ ಹೋಗುವುದಿಲ್ಲ, ಗೋಡೆ ಕಡೆ ತಿರುಗುವುದಿಲ್ಲ, ಅವಸರ ಮಾಡುವುದಿಲ್ಲ. ಕೇಳುವವರಿಗೆ ಇದು ಸಣ್ಣ ಸೇಡು ಅನ್ನಿಸಬಹುದು. ನನಗೆ ಇದ್ದ ಆಯುಧ ಅದೊಂದೇ, ಅದನ್ನೇ ಅವರು ನನ್ನ ಕೈಯಿಂದ ಕಿತ್ತುಕೊಂಡಿದ್ದರು.

ಮೊದಲು ಕಲ್ಯಾಣ. ಅವ್ವ ಚಾಪೆ ಹಾಸಿ ಕೊಟ್ಟು, ಅಪ್ಪ ಬರುವ ಹೊತ್ತಾಯಿತೆಂದು ಸೆರಗು ಎಳೆದುಕೊಟ್ಟಳು. ನಾನು ಸರಿಸಿದೆ. "ಯಾಕವ್ವಾ ಇಷ್ಟ ಸಿಟ್ಟು?" ಅಂದಳು. "ಒಂಬತ್ತು ದಿವಸ ನೀ ಒಂದ್ ಸಲ ಬಂದ್ ನೋಡ್ಲಿಲ್ಲ" ಅಂದೆ. ಆಮೇಲೆ ಖಾರಘರ. ಗೆಳತಿ ಇಪ್ಪತ್ತೆರಡನೆಯ ಮಾಳಿಗೆಯ ಹೊಸ ಫ್ಲಾಟಿಗೆ ಆಫೀಸಿನವರನ್ನೆಲ್ಲ ಕರೆದಿದ್ದಳು. ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು, ಎಲ್ಲರೂ ಗುಡ್ಡದ ಫೋಟೋ ತೆಗೆಯುತ್ತಿದ್ದರು. ನಾನು ಅವಳ ಬಿಳಿ ಸೋಫಾದ ನಡುವೆ ಕೂತು ಇಪ್ಪತ್ತೆರಡು ನಿಮಿಷ ಕುಡಿಸಿದೆ. "ಏಯ್, ಒಳಗೆ ಎಸಿ ಇದೆ ಕಣೆ" ಅಂದಳು, ಸಣ್ಣ ದನಿಯಲ್ಲಿ. "ಹಸುಗೆ ಎಸಿ ಯಾಕೆ?" ಅಂದೆ. ಡಬ್ಬಿಗೆ ಚೀಟಿ ಅಂಟಿಸಿದವನು ಅಲ್ಲೇ ಪೆಪ್ಸಿ ಹಿಡಿದು ನಿಂತಿದ್ದ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆಯೂ ಗುರುತು ಬಿತ್ತು. ಒಂದು ಭೇಟಿಗೆ ಎರಡು.

ಮಾಜಿವಾಡಾದ ಸರದಿ ಬಂದದ್ದು 2012ರ ಮಾರ್ಚಿನಲ್ಲಿ. ಅತ್ತಿಗೆಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದದ ಹೊತ್ತಿಗೆ ಅವರ ಬಿಲ್ಡಿಂಗಿನ ಏಳೆಂಟು ಮರಾಠಿ ಹೆಂಗಸರು ಹಾಲ್ ತುಂಬ ಕೂತಿದ್ದರು. ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ. ಮಗಳು ನನ್ನ ಬ್ಲೌಸನ್ನು ಎಳೆಯಲು ಶುರು ಮಾಡಿದಳು.

ಅತ್ತಿಗೆ ತಟ್ಟೆ ಹಿಡಿದು ಬಂದು ಬಗ್ಗಿದರು. "ಒಳಗೆ ಹೋಗಿ ಕೂತ್ಕೊಳೆ. ಜನ ಇದ್ದಾರೆ."

"ಇರಲಿ ಅತ್ತಿಗೆ, ಇಲ್ಲೇ ಗಾಳಿ ಬರ್ತದೆ" ಅಂದು ಅಲ್ಲೇ ಕುಡಿಸತೊಡಗಿದೆ.

ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಮಗಳ ಕಾಲು ಹಿಡಿದು ನೋಡಿ, ಚೆನ್ನಾಗಿದ್ದಾಳೆ, ಅಂಗಾವರಚಂ ದೂಧಾ ಎಂದು ಕೇಳಿದರು. ನಾನು ಸುಮಾರು ನಾಲ್ಕು ತಿಂಗಳು ಕಾದದ್ದು ಆ ಪ್ರಶ್ನೆಗೆ. ಯಾರೂ ಕೇಳದಿದ್ದರೆ ನಾನೇ ಆ ಮಾತು ತೆಗೆಯುವವಳಿದ್ದೆ.

ಮರಾಠಿಯಲ್ಲೇ ಹೇಳಿದೆ. ತಮಾಷೆಯ ಕತೆಯ ಹಾಗೆ ಹೇಳಿದೆ. ಊರಿನಿಂದ ಬಂದ ನಮ್ಮ ಅತ್ತೆಗೆ ಮರಾಠಿ ಬರುವುದಿಲ್ಲ, ಡಾಕ್ಟರು ವರಚಂ ಬಂದ್ ಅಂದದ್ದು ಅವರಿಗೆ ಅಂಗಾವರಚಂ ಬಂದ್ ಎಂದು ಕೇಳಿಸಿತು, ನನ್ನ ಎದೆಗೆ ಮೋಗ್ರಾ ಕಟ್ಟಿ ಒಂಬತ್ತು ದಿನ ಒಣಗಿಸಿದರು, ಇವಳು ಅಷ್ಟು ದಿನ ಡಬ್ಬಿ ಹಾಲು ಕುಡಿದು ಕಡ್ಡಿಯಾದಳು. ಹೆಂಗಸರು ನಕ್ಕರು. ಅಗ್ಗಂಬಾಯಿ ಎಂದು ಒಬ್ಬಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅತ್ತೆಗೆ ಮಾತು ಪೂರ್ತಿ ತಿಳಿಯದಿದ್ದರೂ ತಮ್ಮದೇ ಕತೆ ಎಂದು ತಿಳಿದು ಮುಜುಗರದಿಂದ ನಗುತ್ತಿದ್ದರು.

"ಆಮೇಲೆ? ಸಾಸೂಬಾಯಿ ಒಬ್ಬರೇ ಹೋಗಿದ್ದರಾ?" ಅಜ್ಜಿ ಕೇಳಿದರು.

"ಇಲ್ಲ, ಇವರೂ ಜೊತೆಗಿದ್ದರು" ಎಂದು ಅತ್ತಿಗೆಯ ಕಡೆ ಕೈ ತೋರಿಸಿದೆ.

ಎದುರುಮನೆಯ ಹೆಂಗಸು ಅತ್ತಿಗೆಯ ಕಡೆ ತಿರುಗಿದಳು. ಅವಳಲ್ಲಿ ಕೇಡು ಇರಲಿಲ್ಲ, ನಿಜವಾಗಿಯೂ ಆಶ್ಚರ್ಯವಾಗಿತ್ತು. "ಪಣ ತುಲಾ ತರ್ ಮರಾಠೀ ಛಾನ್ ಯೇತೆ ಗಂ!" ನಿನಗೆ ಮರಾಠಿ ಎಷ್ಟು ಚೆನ್ನಾಗಿ ಬರುತ್ತದಲ್ಲೇ.

ಅತ್ತಿಗೆ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟರು. "ಮಲಾ ಫೋನ್ ಆಲಾ ಹೋತಾ" ಅಂದರು. ಫೋನು ಬಂದಿತ್ತಂತೆ, ಅದಕ್ಕೆ ಗಮನ ಕೊಡಲಿಲ್ಲವಂತೆ.

ನಾನು ಕನ್ನಡಕ್ಕೆ ತಿರುಗಿದೆ. ಅತ್ತೆಗೆ ತಿಳಿಯಬೇಕಿತ್ತು. "ಫೋನಾ ಅತ್ತಿಗೆ? ಅವತ್ತು ನಂಗೆ ಹೇಳುವಾಗ ಮೆಡಿಕಲ್‌ಗೆ ಹೋಗಿದ್ದೆ ಅಂದಿದ್ರಿ. ಓಆರೆಸ್ ತರೋಕೆ. ಹಾಗಂದಿದ್ದು ಮಧ್ಯಾಹ್ನ ಎರಡೂ ಹತ್ತಕ್ಕೆ."

"ಯಾವ್ದೋ ಒಂದು. ಈಗ್ಯಾಕೆ ಅದೆಲ್ಲ?"

ಬಾಗಿಲ ಪಕ್ಕದಿಂದ ಅತ್ತೆಯ ದನಿ ಬಂತು. ಅವರು ಇನ್ನು ನಗುತ್ತಿರಲಿಲ್ಲ. "ಮೆಡಿಕಲಿಗೆ ಹೋದದ್ ಆಮೇಲ್ ಅಲ್ದಾ, ನಾವ್ ಇಬ್ರೂ ಸೇರಿ. ಫೋನೂ ಬರ್ಲಿಲ್ಲೆ. ನೀ ನನ್ ಹತ್ರವೇ ಕೂಕಂಡಿದ್ದೆ. ಡಾಕ್ಟ್ರ್ ಮೈ ಹಾಲ್ ಬಂದ್ ಮಾಡುಕೆ ಹೇಳ್ರಾ ಅಂದ್ ನಾ ನಿನ್ನನ್ನೇ ಕೇಂಡೆ. ಹೂಂ ಹೂಂ ಅಂದೆ ನೀನ್."

ಆ ಹಾಲ್‌ನಲ್ಲಿ ಕನ್ನಡ ತಿಳಿಯುವವರು ನಾವು ಮೂವರೇ. ಆದರೆ ಅತ್ತಿಗೆಯ ಮುಖ ನೋಡಿದ ಯಾರಿಗೂ ಅನುವಾದ ಬೇಕಾಗಿರಲಿಲ್ಲ. ಎದುರುಮನೆಯವಳು ಪ್ರಸಾದದ ದೊನ್ನೆಯನ್ನು ನೋಡುತ್ತ ಕೂತಳು. ಅತ್ತಿಗೆ ನನ್ನ ಕಡೆ ಒಮ್ಮೆ ನೋಡಿದರು. ಅವರ ಮಗ ಹುಟ್ಟಿದಾಗ ಅವರ ಅತ್ತೆ ಹದಿನೈದನೆಯ ದಿನಕ್ಕೇ ಡಬ್ಬಿ ಹಾಲು ಶುರು ಮಾಡಿಸಿ, ಇವರಿಗೆ ಕುಡಿಸಲು ಬಿಡಲಿಲ್ಲವೆಂದು ನನಗೆ ಗಂಡ ಹೇಳಿದ್ದ. ತನಗೆ ಸಿಗದೇ ಹೋದದ್ದು ತಮ್ಮನ ಹೆಂಡತಿಗೂ ಸಿಗಬಾರದು ಎಂದು ಅವರಿಗೆ ಅನ್ನಿಸಿರಬಹುದು. ಅಥವಾ ಅಷ್ಟೂ ಯೋಚಿಸದೆ ಸುಮ್ಮನೆ ಹೂಂ ಅಂದಿರಬಹುದು. ಎರಡನ್ನೂ ನಾನು ಯೋಚಿಸಿದ್ದೇನೆ. ಯೋಚಿಸಿದ್ದರಿಂದ ನನ್ನ ಸಿಟ್ಟಿನಲ್ಲಿ ಏನೂ ಕಡಿಮೆಯಾಗಲಿಲ್ಲ. ಮಗಳು ಒಂದು ಬದಿ ಮುಗಿಸಿದ್ದಳು. ಇನ್ನೊಂದು ಬದಿಗೆ ಹಾಕಿಕೊಂಡೆ.

ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕಿತು. ಕಳವಾ ಹೋಯಿತು, ಮುಂಬ್ರಾ ಹೋಯಿತು. ದಿವಾ ಬಂದಾಗ ಅತ್ತೆ ಹೇಳಿದರು: "ನಿಂಗೆ ಗೊತ್ತಿದ್ದಿದ್ರೆ ಮನೆಯಲ್ಲೇ ನಂಗೆ ಹೇಳ್ಲಕ್ಕಿತ್ತ್. ಅಷ್ಟ್ ಜನರ ಎದ್ರಿಗೆ ಅವಳ ಮರ್ಯಾದಿ..."

"ನನ್ನ ಡಬ್ಬಿ ಹಾಲು ತುಳಸಿಗೆ ಹಾಕ್ತಿದ್ದೀನಿ ಅಂತ ನೀವೂ ಮನೆಯಲ್ಲೇ ಹೇಳಬಹುದಿತ್ತು" ಅಂದೆ.

ಅವರು ಕಿಟಕಿಯ ಕಡೆ ತಿರುಗಿದರು. ಡೊಂಬಿವಲಿಯಲ್ಲಿ ಇಳಿಯುವ ನೂಕಾಟದಲ್ಲಿ ನನ್ನ ತೋಳು ಹಿಡಿದುಕೊಂಡರು, ಪ್ಲಾಟ್‌ಫಾರ್ಮಿಗೆ ಬಂದ ಕೂಡಲೇ ಬಿಟ್ಟರು. ಅಂದಿನಿಂದ ಅವರು ನನ್ನ ಹಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಆಫೀಸಿನಿಂದ ತಂದಿಟ್ಟ ಡಬ್ಬಿಗಳನ್ನು ತೊಳೆಯದೆ, ತಳದಲ್ಲಿ ಹಾಲಿನ ಜಿಡ್ಡು ಕಾಣುವ ಹಾಗೆ ಕಟ್ಟೆಯ ಮೇಲೆ ಇಟ್ಟಿರುತ್ತಿದ್ದರು, ಕುಡಿಸಿದ್ದೇನೆ ನೋಡು ಎಂದು ತೋರಿಸಲು. ನಾನು ಬಾಗಿ ಮೂಸಿ ನೋಡುತ್ತಿದ್ದೆ, ಅವರ ಎದುರಿಗೇ. ಅದರ ಅಗತ್ಯವಿರಲಿಲ್ಲ. ಆದರೂ ಒಂದು ದಿನವೂ ತಪ್ಪಿಸಲಿಲ್ಲ.

ಅತ್ತಿಗೆ ಒಂದು ವರ್ಷ ಡೊಂಬಿವಲಿಗೆ ಬರಲಿಲ್ಲ. ಅತ್ತೆಯೂ ಮಾಜಿವಾಡಾಕ್ಕೆ ಹೋಗುವುದನ್ನು ಕಡಿಮೆ ಮಾಡಿದರು. ತಾಯಿ ಮಗಳ ನಡುವೆ ನೀನು ಬಿರುಕು ತಂದೆ ಎಂದು ಗಂಡ ಒಮ್ಮೆ ಅಂದ. ಮೂರನೆಯ ಕೆಂಪು ಗೆರೆ. ಇರಬಹುದು. ನನ್ನ ಮಗಳ ಮತ್ತು ನನ್ನ ನಡುವೆ ಒಂಬತ್ತು ದಿನ ಮಲ್ಲಿಗೆ ದಂಡೆ ಇತ್ತು. ಅದನ್ನು ಕಟ್ಟುವಾಗ ಯಾರೂ ಬಿರುಕಿನ ಮಾತು ಎತ್ತಲಿಲ್ಲ.

ಮಗಳು ವರ್ಷ ದಾಟಿದಳು, ಹಲ್ಲು ಬಂದವು, ನಡೆದಳು, ಮಾತು ಕಲಿತಳು. ಕೆಳಗಿನ ಅಂಗಳದಲ್ಲಿ ಆಡುತ್ತಿದ್ದವಳು ಮೂರು ಮಾಳಿಗೆ ಹತ್ತಿ ಬಂದು ಕುಡಿದು ಮತ್ತೆ ಇಳಿದು ಹೋಗುತ್ತಿದ್ದಳು. "ಇಷ್ಟು ದೊಡ್ಡವಳಿಗೆ ಇನ್ನೂ ಕುಡಿಸ್ತೀರಾ?" ಎಂದು ಕೇಳುವವರ ಹೊಸ ಪಟ್ಟಿ ಬೆಳೆಯಿತು. ಅದನ್ನು ಎಣಿಸಿದ್ದೇನೆ, ಆದರೆ ಅವರ ಮನೆಗಳಿಗೆ ಹೋಗಲಿಲ್ಲ. ಅವರಲ್ಲಿ ಯಾರೂ ನನ್ನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ.

2013ರ ಸೆಪ್ಟೆಂಬರ್, ದಿನ 836. ಭಾನುವಾರ ಬೆಳಿಗ್ಗೆ. ಹಿಂದಿನ ಎರಡು ವಾರದಿಂದ ದಿನಕ್ಕೆ ಒಂದೇ ಸಲಕ್ಕೆ ಇಳಿದಿತ್ತು. ನಾನು ಎಂದಿನ ಹಾಗೆ ಕಿಟಕಿಯ ಹತ್ತಿರ ಕೂತು ಕರೆದೆ. ಮಗಳು ಬಂದು, ಮಡಿಲಿಗೆ ಹತ್ತಿ, ಎರಡು ನಿಮಿಷ ಎಳೆದು, ಬಾಯಿ ಒರೆಸಿಕೊಂಡು, "ನಕೋ ಆತಾ" ಅಂದಳು. ಬೇಡ ಈಗ. ಇಳಿದು ಹೋಗಿ ಅಜ್ಜಿಯ ಹತ್ತಿರ ನೀರುದೋಸೆ ಕೇಳಿದಳು. ಮರುದಿನವೂ ಬರಲಿಲ್ಲ, ಅದರ ಮರುದಿನವೂ. ನಾಲ್ಕನೆಯ ದಿನ ನಾನು ಎಡಪುಟದಲ್ಲಿ ಗೆರೆ ಎಳೆದೆ. ಎದೆಯಲ್ಲಿ ಸಣ್ಣಗೆ ಭಾರವಿತ್ತು, ತಾನಾಗಿ ಇಳಿಯಿತು.

ಸಂಜೆ ಮಾಜಿವಾಡಾಕ್ಕೆ ಫೋನು ಹಚ್ಚಿದೆ. ಒಂದೂವರೆ ವರ್ಷದಲ್ಲಿ ನಾನಾಗಿ ಮಾಡಿದ ಮೊದಲ ಫೋನು. ಅತ್ತಿಗೆ, "ಹೇಳು" ಅಂದರು, ಹೆದರಿದವರ ಹಾಗೆ.

ನಾನು ಮರಾಠಿಯಲ್ಲಿ ಹೇಳಿದೆ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ: ಇವತ್ತಿಗೆ ಅಂಗಾವರಚಂ ದೂಧ್ ಬಂದ್ ಆಯಿತು. ಅವಳೇ ಬಂದ್ ಮಾಡಿದಳು. ಎಂಟುನೂರ ಮೂವತ್ತಾರು ದಿನದಲ್ಲಿ ಒಂಬತ್ತು ಕಳೆಯಿರಿ.

ಅವರ ಮನೆಯ ಟೀವಿ ಓಡುತ್ತಿತ್ತು. ಆಮೇಲೆ ಅವರು ಕನ್ನಡದಲ್ಲಿ, "ಸರಿ. ತಿಳೀತು" ಅಂದರು.

"ತಿಳೀತಲ್ಲ?" ಎಂದು ಇನ್ನೊಮ್ಮೆ ಕೇಳಿಕೊಂಡು ಫೋನು ಇಟ್ಟೆ.